ಅಳತೆಪಟ್ಟಿಯಿಂದ ಫಲಿತಾಂಶದ ಪುಸ್ತಕಕ್ಕೆ: ಹಾಯಿದೋಣಿ ಪಂದ್ಯಗಳ ಹ್ಯಾಂಡಿಕ್ಯಾಪ್ ಚರಿತ್ರೆ

ನೀರನ್ನು ಸೀಳಿಕೊಂಡು ಸಾಗುವ ದೋಣಿಯ ಗರಿಷ್ಠ ವೇಗವನ್ನು ಬಹುಮಟ್ಟಿಗೆ ಅದರ ಉದ್ದವೇ ನಿರ್ಧರಿಸುತ್ತದೆ. ನೀರಿಗೆ ತಾಗುವ ಉದ್ದ 25 ಅಡಿ ಇದ್ದರೆ ಸುಮಾರು 6.7 ನಾಟ್, 36 ಅಡಿ ಇದ್ದರೆ ಸುಮಾರು 8 ನಾಟ್. ನಾವಿಕ ಎಷ್ಟೇ ನಿಪುಣನಾದರೂ ಈ ಅಂತರ ಪೂರ್ತಿ ಅಳಿಯುವುದಿಲ್ಲ. ಹೀಗಾಗಿ ಅಸಮಾನ ದೋಣಿಗಳು ಒಂದೇ ಗೆರೆಯಿಂದ ಹೊರಟರೆ ಯಾರು ಚೆನ್ನಾಗಿ ನಡೆಸಿದರು ಎಂಬುದನ್ನು ಕಣ್ಣು ಹೇಳಲಾರದು, ಲೆಕ್ಕ ಹೇಳಬೇಕು. ಆ ಲೆಕ್ಕಕ್ಕೆ ಎರಡು ದಾರಿಗಳಿವೆ. ದೋಣಿಯನ್ನು ಅಳೆದು ಅದರ ಶಕ್ತಿಯನ್ನು ಊಹಿಸುವುದು ಒಂದು. ಅದು ನಿಜವಾಗಿ ಓಡಿದ ವೇಗವನ್ನು ದಾಖಲಿಸಿ ಅದರಿಂದಲೇ ಅಂಕಿಯನ್ನು ತೆಗೆಯುವುದು ಇನ್ನೊಂದು. ಶ್ರೀಮಂತರ ದೊಡ್ಡ ಪಂದ್ಯಗಳು ಮೊದಲ ದಾರಿಯನ್ನು ಹಿಡಿದವು. ರಜಾದಿನಗಳಲ್ಲಿ ಹಾಯಿ ಬಿಚ್ಚುವ ಹವ್ಯಾಸಿ ಕ್ಲಬ್‌ಗಳು ಎರಡನೆಯದಕ್ಕೆ ಬಂದು ನಿಂತವು. ಬಡತನಕ್ಕೆ ಮಾಡಿಕೊಂಡ ಹೊಂದಾಣಿಕೆಯೆಂದು ಇದನ್ನು ಬದಿಗಿಡುವುದುಂಟು. ಚರಿತ್ರೆಯನ್ನು ನೋಡಿದರೆ ಕ್ಲಬ್‌ಗಳ ಆಯ್ಕೆಯೇ ಹೆಚ್ಚು ವಿವೇಕದ್ದು ಎನಿಸುತ್ತದೆ.

1851ರಲ್ಲಿ ವೈಟ್ ದ್ವೀಪವನ್ನು ಸುತ್ತುವ ಪ್ರಸಿದ್ಧ ಪಂದ್ಯವನ್ನು 'ಅಮೆರಿಕಾ' ಎಂಬ ದೋಣಿ ಗೆದ್ದಾಗ ಸಮಯದ ವಿನಾಯಿತಿ ಇರಲಿಲ್ಲ. ಎರಡನೆಯದಾಗಿ ಬಂದ 'ಅರೋರಾ' ಟನ್ ಲೆಕ್ಕದಲ್ಲಿ ಅದರ ಮೂರನೆಯ ಒಂದು ಪಾಲಿಗಿಂತಲೂ ಚಿಕ್ಕದು. ಹಾಗೆಂದು ವಿನಾಯಿತಿಯ ಕಲ್ಪನೆಯೇ ಇರಲಿಲ್ಲ ಎಂದಲ್ಲ. ಜಾರ್ಜ್ ಹಾಲೆಂಡ್ ಆಕರ್ಸ್ 1843ರಲ್ಲೇ ಟನ್ನಿಗೆ ತಕ್ಕಂತೆ ಸಮಯ ಬಿಟ್ಟುಕೊಡುವ ಕೋಷ್ಟಕವನ್ನು ರಚಿಸಿದ್ದ. ತೊಡಕಿದ್ದದ್ದು ಟನ್ ಎಣಿಸುವ ರೀತಿಯಲ್ಲಿ. ಈ ಎಣಿಕೆ ಬಂದರಿನ ಸುಂಕಕ್ಕಾಗಿ ಹುಟ್ಟಿದ್ದು, ಪಂದ್ಯಕ್ಕಾಗಿ ಅಲ್ಲ. 1855ರ ಥೇಮ್ಸ್ ಅಳತೆಯಂತೆ ಉದ್ದದಲ್ಲಿ ಅಗಲವನ್ನು ಕಳೆದು, ಅದನ್ನು ಅಗಲದಿಂದಲೂ ಅರ್ಧ ಅಗಲದಿಂದಲೂ ಗುಣಿಸಿ, 94ರಿಂದ ಭಾಗಿಸಬೇಕು. ಆಳವನ್ನು ಅಳೆಯುವ ಗೋಜೇ ಇಲ್ಲ. ಅರ್ಧ ಅಗಲವನ್ನೇ ಆಳವೆಂದು ಹಿಡಿದರು. 40 ಅಡಿ ಉದ್ದದ ದೋಣಿ 10 ಅಡಿ ಅಗಲವಿದ್ದರೆ ಸುಮಾರು 16 ಟನ್. ಅದನ್ನೇ 8 ಅಡಿಗೆ ಇಳಿಸಿದರೆ 11 ಟನ್ನಿಗೂ ಕಡಿಮೆ.

ವಿನ್ಯಾಸಕಾರರು ಇದನ್ನು ಕಾಣದೆ ಇರುತ್ತಾರೆಯೇ? ದೋಣಿಗಳು ವರ್ಷದಿಂದ ವರ್ಷಕ್ಕೆ ಕಿರಿದಾದವು, ಆಳವಾದವು. ಮಗುಚದಂತೆ ತಳಕ್ಕೆ ಟನ್‌ಗಟ್ಟಲೆ ಸೀಸ ಕಟ್ಟಿದರು. 1875ರಲ್ಲಿ ಹುಟ್ಟಿದ ಯಾಟ್ ರೇಸಿಂಗ್ ಅಸೋಸಿಯೇಷನ್ ಮುಂದೆ ಸೂತ್ರವನ್ನು ಬದಲಿಸಿತು: ಉದ್ದ ಮತ್ತು ಅಗಲಗಳ ಮೊತ್ತದ ವರ್ಗವನ್ನು ಅಗಲದಿಂದ ಗುಣಿಸಿ 1730ರಿಂದ ಭಾಗಿಸುವುದು. ಅಗಲದ ಮೇಲಿನ ದಂಡ ಮಾತ್ರ ಹಾಗೆಯೇ ಉಳಿಯಿತು. ಆ ಸೂತ್ರದ ಕೊನೆಯ ಕೂಸು 'ಊನಾ'. ಸುಮಾರು 34 ಅಡಿ ಉದ್ದ, ಐದೂವರೆ ಅಡಿ ಅಗಲ. ಲೆಕ್ಕ ಹಾಕಿದರೆ ಸರಿಯಾಗಿ 5 ಟನ್ ವರ್ಗದೊಳಗೆ ಕೂರುತ್ತದೆ; ಸೂತ್ರವನ್ನು ಎದುರಿಗಿಟ್ಟುಕೊಂಡೇ ಕೊರೆದ ದೋಣಿ ಅದು. 1886ರಲ್ಲಿ ಐರ್ಲೆಂಡ್ ಕರಾವಳಿಯಲ್ಲಿ ಅದು ನಾಶವಾಯಿತು. ವಿನ್ಯಾಸಕಾರ ಪೇಟನ್ ಕೂಡ ಅದರಲ್ಲೇ ಸತ್ತ. ಅದೇ ವರ್ಷ ಉದ್ದವನ್ನು ಹಾಯಿಯ ವಿಸ್ತೀರ್ಣದಿಂದ ಗುಣಿಸಿ 6000ದಿಂದ ಭಾಗಿಸುವ ಹೊಸ ನಿಯಮ ಬಂತು, ಕಿರಿದಾದ ದೋಣಿಗಳ ಕಾಲ ಮುಗಿಯಿತು.

ರೋಗ ಮಾತ್ರ ಹೋಗಲಿಲ್ಲ. 1970ರ ದಶಕದ ಇಂಟರ್‌ನ್ಯಾಷನಲ್ ಆಫ್‌ಶೋರ್ ರೂಲ್ ಕಾಲದಲ್ಲಿ ಅಳತೆಗಾರ ಪಟ್ಟಿ ಹಿಡಿಯುವ ಜಾಗಗಳಲ್ಲಿ ಮಾತ್ರ ಒಡಲನ್ನು ಉಬ್ಬಿಸಿ, ಹಿಂಭಾಗವನ್ನು ಹಿಸುಕಿದಂತೆ ಕಿರಿದುಗೊಳಿಸಿದ ದೋಣಿಗಳು ತಯಾರಾದವು. ಸಮುದ್ರಕ್ಕೆ ಆ ಉಬ್ಬುಗಳಿಂದ ಯಾವ ಉಪಯೋಗವೂ ಇರಲಿಲ್ಲ. ಇದಕ್ಕೆ ಕೊನೆಗೆ ಸಿಕ್ಕ ಮದ್ದು ವಿಚಿತ್ರವಾದದ್ದು: ಬ್ರಿಟನ್ ಮತ್ತು ಫ್ರಾನ್ಸ್‌ನ ಕ್ಲಬ್‌ಗಳು ಸೇರಿ ನಡೆಸುವ ಐಆರ್‌ಸಿ ಪದ್ಧತಿಯ ಸೂತ್ರವನ್ನೇ ಪ್ರಕಟಿಸುವುದಿಲ್ಲ. ನಿಯಮ ತಿಳಿಯದಿದ್ದರೆ ನಿಯಮಕ್ಕೆ ತಕ್ಕ ದೋಣಿ ಕಟ್ಟುವುದು ಕಷ್ಟ ಎಂಬ ತರ್ಕ ಅದರದ್ದು.

ಸಣ್ಣ ಕ್ಲಬ್‌ಗಳಿಗೆ ಈ ಯಾವ ಜಗಳವೂ ಬೇಕಿರಲಿಲ್ಲ. ಒಂದು ಉಪಾಯ 1887ರಷ್ಟು ಹಿಂದೆಯೇ ಡಬ್ಲಿನ್ ಸಮೀಪ ಹೊಳೆದಿತ್ತು: 'ವಾಟರ್ ವ್ಯಾಗ್' ಎಂಬ ಒಂದೇ ಅಚ್ಚಿನ ದೋಣಿಗಳನ್ನು ಎಲ್ಲರೂ ಕಟ್ಟಿಸಿಕೊಂಡರೆ ಲೆಕ್ಕವೇ ಬೇಡ. ಆದರೆ ಎರಡನೆಯ ಮಹಾಯುದ್ಧದ ನಂತರ ಪ್ಲೈವುಡ್ ಬಂತು. ಫೈರ್‌ಫ್ಲೈ, ಮರ್ಲಿನ್, ಜಿಪಿ14, ಎಂಟರ್‌ಪ್ರೈಸ್ ಎಂದು ಒಂದಾದ ಮೇಲೊಂದು ಅಗ್ಗದ ಡಿಂಗಿಗಳು ಹುಟ್ಟಿದವು, ಪ್ರತಿ ಕ್ಲಬ್ಬಿನ ದಡದಲ್ಲೂ ಅವೆಲ್ಲ ಬೆರೆತು ನಿಂತವು. (ಇವುಗಳಲ್ಲಿ ಎಂಟರ್‌ಪ್ರೈಸ್ ನಮ್ಮಲ್ಲಿಗೂ ಬಂತು, 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಅದರದೇ ಪ್ರತ್ಯೇಕ ಸ್ಪರ್ಧೆಯಿತ್ತು.) ಈ ಬೆರಕೆಗೆ ಉತ್ತರ ಬಂದದ್ದು ಪೋರ್ಟ್ಸ್‌ಮತ್ ಬಳಿಯ ಲ್ಯಾಂಗ್‌ಸ್ಟನ್ ಕ್ಲಬ್ಬಿನಿಂದ. ಅಲ್ಲಿನ ಝಿಲ್‌ವುಡ್ ಮಿಲೆಜ್ 1947ರಲ್ಲಿ ರೂಪಿಸಿದ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಯಾವ ದೋಣಿಯನ್ನೂ ಅಳೆಯುವುದಿಲ್ಲ. ಒಂದೇ ದೂರವನ್ನು ಕ್ರಮಿಸಲು ಯಾವ ವರ್ಗಕ್ಕೆ ಎಷ್ಟು ಹೊತ್ತು ಬೇಕು ಎಂಬುದೇ ಅದರ ಅಂಕಿ. ಹಿಡಿದ ಸಮಯವನ್ನು ಸಾವಿರದಿಂದ ಗುಣಿಸಿ ಆ ಅಂಕಿಯಿಂದ ಭಾಗಿಸಬೇಕು. 1000 ಅಂಕಿಯ ದೋಣಿ 60 ನಿಮಿಷಕ್ಕೆ ಮುಗಿಸಿದರೆ ತಿದ್ದಿದ ಸಮಯವೂ 60. 1200ರ ದೋಣಿ 70 ನಿಮಿಷ ತೆಗೆದುಕೊಂಡರೂ ಅದರ ಲೆಕ್ಕ 58 ನಿಮಿಷ 20 ಸೆಕೆಂಡ್. ಹತ್ತು ನಿಮಿಷ ತಡವಾಗಿ ಬಂದದ್ದೇ ಗೆದ್ದಿತು.

ಅಮೆರಿಕದ ಕ್ಲಬ್‌ಗಳಲ್ಲಿ ಇದೇ ಕೆಲಸವನ್ನು ಪಿಎಚ್‌ಆರ್‌ಎಫ್ ಮಾಡುತ್ತದೆ. ಸಮಿತಿಯೊಂದು ಅನುಭವದ ಆಧಾರದ ಮೇಲೆ ಪ್ರತಿ ದೋಣಿಗೂ ಮೈಲಿಗೆ ಇಷ್ಟು ಸೆಕೆಂಡ್ ಎಂದು ಗೊತ್ತುಮಾಡುತ್ತದೆ. 90 ಮತ್ತು 150 ಅಂಕಿಯ ಎರಡು ದೋಣಿಗಳ ನಡುವೆ 10 ಮೈಲಿಗೆ 10 ನಿಮಿಷ. ಗಾಳಿ ಬಿದ್ದು ಎರಡು ಗಂಟೆಯ ಪಂದ್ಯ ನಾಲ್ಕು ಗಂಟೆಗೆ ಎಳೆದರೂ ಅದೇ ಹತ್ತು ನಿಮಿಷ. ಇದು ಸಣ್ಣ ದೋಣಿಗೆ ಅನ್ಯಾಯವೆಂದು ಕಂಡವರು 550ಕ್ಕೆ ಅಂಕಿಯನ್ನು ಕೂಡಿಸಿ 650ನ್ನು ಅದರಿಂದ ಭಾಗಿಸುವ, ಸಮಯಕ್ಕೆ ತಕ್ಕಂತೆ ಬೆಳೆಯುವ ಲೆಕ್ಕವನ್ನು ತಂದರು. ಅದರಂತೆ ವೇಗದ ದೋಣಿ ಎರಡು ಗಂಟೆಗೆ ಬಂದರೆ 11 ಕಾಲು ನಿಮಿಷ, ನಾಲ್ಕು ಗಂಟೆಗೆ ಬಂದರೆ 22 ಅರೆ ನಿಮಿಷ ಬಿಟ್ಟುಕೊಡಬೇಕು.

ಈ ಲೆಕ್ಕಗಳು ದೋಣಿ ನಡೆಸುವ ತಂತ್ರವನ್ನೂ ಬದಲಿಸಿದವು. ಸಮಾನ ದೋಣಿಗಳ ಪಂದ್ಯದಲ್ಲಿ ಎದುರಾಳಿಯ ಗಾಳಿಗೆ ಅಡ್ಡ ನಿಂತು ಅವನನ್ನು ಹಿಂದಿಕ್ಕುವುದು ಶಾಸ್ತ್ರ. ಹ್ಯಾಂಡಿಕ್ಯಾಪ್ ಪಂದ್ಯದಲ್ಲಿ ಪಕ್ಕದವನೊಂದಿಗೆ ಸೆಣಸಾಡುತ್ತಾ ಕಳೆದ ಅರ್ಧ ನಿಮಿಷದ ಲಾಭ ಹಿಂದೆ ಕಾಣದಷ್ಟು ದೂರದಲ್ಲಿರುವ ಮೂರನೆಯವನಿಗೆ. ಆದ್ದರಿಂದ ನಿಧಾನದ ದೋಣಿಯವನು ಮೇಲೇರಿ ಬರುವ ದೊಡ್ಡದನ್ನು ತಡೆಯುವ ಬದಲು ಬೇಗ ದಾಟಲು ಬಿಟ್ಟು ತನ್ನ ಗಾಳಿಯನ್ನು ಉಳಿಸಿಕೊಳ್ಳುತ್ತಾನೆ. ವೇಗದ ದೋಣಿಯವನಿಗೆ ಹೊರಡುವಾಗಲೇ ಗುಂಪಿನಿಂದ ಬಿಡಿಸಿಕೊಳ್ಳುವ ಅವಸರ, ಗೆರೆ ಮುಟ್ಟಿದ ಮೇಲೆ ಗಡಿಯಾರ ನೋಡುತ್ತಾ ಕಾಯುವ ಶಿಕ್ಷೆ. ಸಂಜೆಗೆ ಗಾಳಿ ಸತ್ತರೆ ದಡ ಸೇರಿದ ದೊಡ್ಡವರಿಗೆ ಹಬ್ಬ; ತಡವಾಗಿ ಹೊಸ ಗಾಳಿ ಎದ್ದರೆ ಹಿಂದಿನವರು ಅದನ್ನು ಹೊತ್ತುಕೊಂಡೇ ಬರುತ್ತಾರೆ.

ಅಂಕಿಗೆ ಎಂದೂ ತಿಳಿಯದ ಸಂಗತಿಯೆಂದರೆ ನೀರಿನ ಸೆಳೆತ. 5 ನಾಟ್ ಮತ್ತು 4 ನಾಟ್ ವೇಗದ ದೋಣಿಗಳು ನಿಂತ ನೀರಿನಲ್ಲಿ 6 ನಾಟಿಕಲ್ ಮೈಲಿಗೆ 72 ಮತ್ತು 90 ನಿಮಿಷ ತೆಗೆದುಕೊಳ್ಳುತ್ತವೆ. 2 ನಾಟ್ ಸೆಳೆತ ಎದುರಾದರೆ 120 ಮತ್ತು 180. ಮೊದಲು ಕಾಲುಪಾಲಿದ್ದ ವ್ಯತ್ಯಾಸ ಅರ್ಧಕ್ಕೇರಿತು, ಪಟ್ಟಿಯ ಅಂಕಿ ಇದ್ದಲ್ಲೇ ಇದೆ. ಸಾಲೆಂಟ್ ಜಲಸಂಧಿಯಂಥ ಕಡೆ ಸಣ್ಣ ದೋಣಿಯ ಅನುಭವಿಗಳು ಸೆಳೆತ ಕಡಿಮೆಯಿರುವ ದಡದ ಆಳವಿಲ್ಲದ ನೀರಿಗೆ ಒತ್ತಿಕೊಂಡು ಸಾಗುವುದು, ಗಾಳಿ ಪೂರಾ ನಿಂತರೆ ಲಂಗರು ಇಳಿಸಿ ಇದ್ದ ಜಾಗವನ್ನು ಕಾಪಾಡಿಕೊಳ್ಳುವುದು ಇದಕ್ಕಾಗಿಯೇ. ಅದೇ ನೀರಿನಲ್ಲಿ 1931ರಲ್ಲಿ ನಡೆದ ಮೊದಲ ರೌಂಡ್ ದ ಐಲೆಂಡ್ ಪಂದ್ಯವನ್ನು ಗೆದ್ದದ್ದು 'ಮೆರಿ ಕನ್ಸೀಟ್' ಎಂಬ 22 ಅಡಿಯ ಕಾರ್ನ್‌ವಾಲ್ ಮೀನುದೋಣಿ.

ಅನುಭವದ ಅಂಕಿಗೂ ಕೊರತೆಗಳುಂಟು. ಒಂದು ವರ್ಗದ ದೋಣಿಯನ್ನು ಪಳಗಿದವರೇ ನಡೆಸಿದರೆ ದೋಣಿ ವೇಗದ್ದೆಂದು ದಾಖಲಾಗುತ್ತದೆ. ಹೊಸಬರಿಗೆ ಆ ಅಂಕಿ ಭಾರ. ಆದರೆ ಈ ತಪ್ಪಿನಿಂದ ಯಾರೂ ಮುಳುಗುವುದಿಲ್ಲ, ಮುಂದಿನ ಪಟ್ಟಿಯಲ್ಲಿ ಅದನ್ನು ತಿದ್ದಲೂ ಬಹುದು. ಅಳತೆಯ ಸೂತ್ರಗಳಿಗೆ ಈ ಎರಡೂ ಮಾತನ್ನು ಹೇಳಲಾಗದು. ಇಂದು ರಾಯಲ್ ಯಾಟಿಂಗ್ ಅಸೋಸಿಯೇಷನ್ ಕ್ಲಬ್‌ಗಳು ಕಳಿಸುವ ಫಲಿತಾಂಶಗಳಿಂದ ಪ್ರತಿ ವರ್ಷ ಪೋರ್ಟ್ಸ್‌ಮತ್ ಅಂಕಿಗಳನ್ನು ಪ್ರಕಟಿಸುತ್ತದೆ. ದಾಖಲೆ ಸಾಲದ ವರ್ಗಗಳನ್ನು ಬೇರೆ ಪಟ್ಟಿಗೆ ಸರಿಸುತ್ತದೆ. ತಮ್ಮ ನೀರಿಗೆ ಒಗ್ಗದ ಅಂಕಿಯನ್ನು ಕ್ಲಬ್‌ಗಳೇ ತಿದ್ದಿಕೊಳ್ಳಬೇಕೆಂದೂ ಹೇಳುತ್ತದೆ.