ಕೃಷಿಭೂಮಿ ಬದಲಾವಣೆ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು

ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ಎರೆಹೊಲಗಳವರೆಗೆ ಹಬ್ಬಿವೆ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಿರೇಕೆರೂರಿನಿಂದ ರಟ್ಟಿಹಳ್ಳಿ ಈಚೆಗೆ ಬೇರೆ ತಾಲ್ಲೂಕಾಗಿದೆ. ಇಲ್ಲಿ ಕೃಷಿಭೂಮಿ ಮೂರು ಬಗೆಯಲ್ಲಿ ಬದಲಾಗುತ್ತಿದೆ: ಹೊಲದ ಬೆಳೆ ಬದಲಾಗುವುದು, ಹೊಲಗದ್ದೆ ತೋಟವಾಗುವುದು, ಕೃಷಿಭೂಮಿ ನಿವೇಶನವಾಗುವುದು.

ನೆಲ ಮತ್ತು ಮಳೆ

ಕೃಷಿ ಹವಾಮಾನ ವಿಂಗಡಣೆಯಲ್ಲಿ ಹಾನಗಲ್ ಗುಡ್ಡಗಾಡು ವಲಯಕ್ಕೂ ಉಳಿದ ಮೂರು ಉತ್ತರ ಪರಿವರ್ತನಾ ವಲಯಕ್ಕೂ ಸೇರಿವೆ. ಪಶ್ಚಿಮದಿಂದ ಪೂರ್ವಕ್ಕೆ ಮಳೆ ಕಡಿಮೆಯಾಗುತ್ತದೆ. ಮುಂಡಗೋಡ, ಸೊರಬಗಳಿಗೆ ಅಂಟಿದ ಹಾನಗಲ್ಲಿನಲ್ಲಿ ಕೆರೆಗಳು, ಕೂರಿಗೆ ಭತ್ತ, ಮಾವು ಹೆಚ್ಚು. ಪೂರ್ವದ ಸವಣೂರಿನಲ್ಲಿ ಹತ್ತಿ, ಜೋಳ, ಸೇಂಗಾ ಹಳೆಯ ಬೆಳೆಗಳು. ಅಲ್ಲಿನ ವೀಳ್ಯದೆಲೆ ಹೆಸರುವಾಸಿ.

ಬದಲಾವಣೆಯ ಹಂಚಿಕೆ

ಮಳೆಯ ಈ ಗೆರೆಯನ್ನು ದಾಟಿ ಎಲ್ಲೆಡೆ ಹರಡಿದ್ದು ಗೋವಿನಜೋಳ. ಅದು ಜೋಳ, ಸೇಂಗಾ, ಕಿರುಧಾನ್ಯಗಳ ಜಾಗ ಹಿಡಿದಿದೆ. ಅಡಿಕೆ ಮಾತ್ರ ನೀರನ್ನು ಹಿಂಬಾಲಿಸಿದೆ: ಹಾನಗಲ್ ಮತ್ತು ಹಿರೇಕೆರೂರು ಭಾಗದ ಭತ್ತದ ಗದ್ದೆ, ಮಸಾರಿ ಹೊಲಗಳು ತೋಟಗಳಾಗಿವೆ. ಪುಣೆ–ಬೆಂಗಳೂರು ಹೆದ್ದಾರಿ ಹಾಯುವ ಶಿಗ್ಗಾವಿ, ಬಂಕಾಪುರಗಳ ಅಂಚಿನಲ್ಲಿ ಹೊಲಗಳು ಎನ್‌ಎ (ಕೃಷಿಯೇತರ) ಪ್ಲಾಟುಗಳಾಗುತ್ತಿವೆ.

ಕಾರಣಗಳು

ಕೋಳಿ ಆಹಾರ ಮತ್ತು ಪಿಷ್ಟ ಕಾರ್ಖಾನೆಗಳ ಬೇಡಿಕೆ, ಕಡಿಮೆ ಆಳಿನಲ್ಲಿ ಮುಗಿಯುವ ಕೆಲಸ ಗೋವಿನಜೋಳಕ್ಕೆ ನೆರವಾದವು. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ, ಜಯಲಕ್ಷ್ಮಿಯಂಥ ಸಂಕರ ತಳಿಗಳು, 2002ರ ನಂತರ ಬಿಟಿ ತಳಿಗಳು ನಾಡತಳಿಯ ಹತ್ತಿಯನ್ನು ಹಿಂದೆ ಸರಿಸಿದವು. ಕೊಳವೆಬಾವಿ ಮತ್ತು ಅಡಿಕೆ ಧಾರಣೆ ತೋಟಗಳನ್ನು ಬೆಳೆಸಿದವು. ಗಾಜನೂರಿನಿಂದ ಬರುವ ತುಂಗಾ ಮೇಲ್ದಂಡೆ ಕಾಲುವೆ ಜಿಲ್ಲೆಗೆ ಹೊಸ ನೀರು ತಂದಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅಣ್ಣತಮ್ಮಂದಿರ ಪಾಲಿನಿಂದ ಹಿಡುವಳಿಗಳು ಕಿರಿದಾದವು. ಕೃಷಿಕರಲ್ಲದವರೂ ಹೊಲ ಕೊಳ್ಳಲು ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ದಾರಿ ತೆರೆಯಿತು.

ಪರಿಣಾಮ

ಜೋಳ ಕುಗ್ಗಿದಲ್ಲಿ ದನಗಳಿಗೆ ಕಣಿಕೆಯೂ ಕುಗ್ಗುತ್ತದೆ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಂಡ, ಗೋವಿನಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳು ಒಂದೇ ಬೆಳೆಯನ್ನು ನಂಬುವ ಅಪಾಯ ತೋರಿತು. ಆದರೂ ಈ ಬದಲಾವಣೆಗಳ ತೂಕ ಒಂದೇ ಅಲ್ಲ. ಗೋವಿನಜೋಳದ ಹೊಲಕ್ಕೆ ಮುಂದಿನ ಮುಂಗಾರಿಗೆ ಬೇರೆ ಬೀಜ ಬಿತ್ತಬಹುದು. ಅಡಿಕೆ ನೆಟ್ಟ ನೆಲ ಹತ್ತಾರು ವರ್ಷ ತೋಟವಾಗಿಯೇ ಉಳಿಯುತ್ತದೆ. ನಿವೇಶನವಾದದ್ದು ಕೂರಿಗೆಗೆ ಮರಳುವುದು ತೀರ ಅಪರೂಪ.