ಕಡಲತಡಿಯ ಗುಲಾಬಿ: ಹೆಸರುಗಳು ನುಡಿಯುವ ಇತಿಹಾಸ

1

ಉದ್ಯಾನಗಳ ಚರಿತ್ರೆಯೆಂದರೆ ಅರಸರ ಮತ್ತು ಸಿರಿವಂತರ ಉಪವನಗಳ ಚರಿತ್ರೆಯೆಂದು ಭಾವಿಸುವುದು ವಾಡಿಕೆ. ಆದರೆ ಸಾಮಾನ್ಯ ಗೃಹಸ್ಥನು ತನ್ನ ಮನೆಯ ಮುಂದೆ ನೆಟ್ಟುಕೊಳ್ಳುವ ಒಂದು ಪೊದೆಯೂ ಚರಿತ್ರಕಾರನಿಗೆ ಸಾಕ್ಷ್ಯವಾಗಬಲ್ಲುದು. ಉತ್ತರ ಯೂರೋಪಿನ ಹಾಗೂ ಅಮೆರಿಕದ ಈಶಾನ್ಯ ಭಾಗದ ಕಡಲತೀರಗಳಲ್ಲಿ ಇಂದು ನೋಡುಗರ ಕಣ್ಣಿಗೆ ಮೊದಲು ಬೀಳುವ ಗಿಡಗಳಲ್ಲೊಂದು, ನಸುಗೆಂಪು ಹೂವಿನ, ಒತ್ತಾಗಿ ಬೆಳೆಯುವ ಒಂದು ಗುಲಾಬಿ. ಆ ಗಿಡವು ಅನಾದಿಯಿಂದ ಅಲ್ಲಿಯೇ ಇದ್ದುದೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದು ಯೂರೋಪನ್ನು ಸೇರಿ ಎರಡೇಕಾಲು ಶತಮಾನಗಳಷ್ಟಾಗಿದೆ. ತೋಟದ ಬೇಲಿಯನ್ನು ದಾಟಿ ತಾನಾಗಿ ಹಬ್ಬಲಾರಂಭಿಸಿದುದಾದರೋ ಇನ್ನೂ ಈಚಿನ ಸಂಗತಿ. ಹೀಗೆ ಬಂದ ಅತಿಥಿಯು ಮನೆಯವನೆಂದು ಹೇಗೆ ಎಣಿಸಲ್ಪಟ್ಟನು, ಮೊದಲಿದ್ದ ಮನೆಯವನು ಹೇಗೆ ಮರೆಯಲ್ಪಟ್ಟನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

2

ಯೂರೋಪಿನ ಮರಳುದಿಬ್ಬಗಳಿಗೆ ತಮ್ಮದೇ ಆದ ಗುಲಾಬಿಯೊಂದುಂಟು. ಸಸ್ಯಶಾಸ್ತ್ರಜ್ಞರು ಅದನ್ನು ರೋಸಾ ಸ್ಪೈನೋಸಿಸ್ಸಿಮಾ, ಎಂದರೆ ಅತ್ಯಂತ ಮುಳ್ಳುಳ್ಳ ಗುಲಾಬಿ, ಎಂದು ಕರೆದಿದ್ದಾರೆ. ಇದು ನೆಲಕ್ಕೆ ಸಮೀಪವಾಗಿ ಹರಡುವ ಸಣ್ಣ ಪೊದೆ. ಎಲೆ ಕಿರಿದು, ಹೂವು ಕೆನೆಬಿಳುಪು, ಹಣ್ಣು ಕಪ್ಪು. ಉಪ್ಪುಗಾಳಿಯನ್ನೂ ಸಾರವಿಲ್ಲದ ಮರಳನ್ನೂ ಇದು ಸಹಜವಾಗಿ ಸಹಿಸಿಕೊಳ್ಳುತ್ತದೆ.

ಈ ಗಿಡಕ್ಕೂ ಒಂದು ಕಾಲದಲ್ಲಿ ಮನ್ನಣೆಯಿದ್ದಿತು. ಕ್ರಿ.ಶ. 1793ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ರಾಬರ್ಟ್ ಬ್ರೌನ್ ಎಂಬ ಸಸಿತೋಟಗಾರನು ಸಮೀಪದ ಕಿನ್ನೂಲ್ ಗುಡ್ಡದಿಂದ ಇದರ ಕಾಡುಗಿಡಗಳನ್ನು ತಂದು ನೆಟ್ಟು, ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಆಯ್ಕೆಮಾಡುತ್ತ ಹೋಗಿ, ಅನೇಕ ದಳಗಳುಳ್ಳ ತಳಿಗಳನ್ನು ಪಡೆದನು. ಅವುಗಳಲ್ಲಿ ನಸುಗೆಂಪಿನ ಹೂಗಳೂ ಇದ್ದವು. 1822ರಲ್ಲಿ ಜೋಸೆಫ್ ಸಬೀನ್ ಎಂಬ ವಿದ್ವಾಂಸನು ಲಂಡನ್ನಿನ ತೋಟಗಾರಿಕಾ ಸಂಘದ ಪತ್ರಿಕೆಯಲ್ಲಿ ಈ ತಳಿಗಳನ್ನು ಕುರಿತು ವಿಸ್ತಾರವಾದ ಲೇಖನವೊಂದನ್ನು ಪ್ರಕಟಿಸಿದನು. ಕಡಲತಡಿಗೆ ಒಪ್ಪುವ, ಗಿಡ್ಡನೆಯ, ನಸುಗೆಂಪಿನ ಗುಲಾಬಿಯನ್ನು ಯೂರೋಪು ಹೊರಗಿನಿಂದ ತರಬೇಕಾದ ಅಗತ್ಯವಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಗುಲಾಬಿಗೆ ತೋಟಗಾರರ ದೃಷ್ಟಿಯಲ್ಲಿ ಒಂದು ಕುಂದಿದ್ದಿತು. ಅದು ವರ್ಷಕ್ಕೊಮ್ಮೆ, ಬೇಸಗೆಯ ಆರಂಭದಲ್ಲಿ, ಕೆಲವು ವಾರಗಳು ಮಾತ್ರ ಅರಳುತ್ತದೆ. ಚೀನದಿಂದ ಬಂದ ಗುಲಾಬಿಗಳ ಸಂಕರದಿಂದ ಮತ್ತೆ ಮತ್ತೆ ಹೂಬಿಡುವ ತಳಿಗಳು ಹುಟ್ಟಿದ ಮೇಲೆ ಜನರ ರುಚಿ ಬದಲಾಯಿತು. 19ನೆಯ ಶತಮಾನದ ಉತ್ತರಾರ್ಧದ ವೇಳೆಗೆ ಸ್ಕಾಟ್ ಗುಲಾಬಿಗಳ ಬಹುಪಾಲು ತಳಿಗಳು ತೋಟಗಳಿಂದ ಕಣ್ಮರೆಯಾದವು.

3

ಇದೇ ಶತಮಾನದಲ್ಲಿ ರೈಲುಮಾರ್ಗಗಳು ಕಡಲನ್ನು ಮುಟ್ಟಿದವು. ಸಮುದ್ರಸ್ನಾನಕ್ಕೆಂದು ಬರುವವರ ಸಂಖ್ಯೆ ಏರಿ, ಹಿಂದೆ ಬೆಸ್ತರ ಗುಡಿಸಲುಗಳಿದ್ದೆಡೆಯಲ್ಲಿ ವಿಹಾರಧಾಮಗಳೂ ಬೇಸಗೆಯ ಮನೆಗಳೂ ತಲೆಯೆತ್ತಿದವು. ಒಳನಾಡಿನಿಂದ ಬಂದವರಿಗೆ ಮನೆಯ ಮುಂದೆ ಹೂದೋಟ ಬೇಕು. ಅವರು ತಂದ ಗಿಡಗಳಾದರೋ ಉಪ್ಪುನೀರಿನ ತುಂತುರಿಗೆ ಎಲೆ ಸುಟ್ಟು ಸಾಯುತ್ತಿದ್ದವು. ಇಂತಹ ಕೊರತೆಯನ್ನು ತುಂಬಿದುದೇ ರೋಸಾ ರುಗೋಸಾ.

ಜಪಾನಿನ ಉತ್ತರ ಭಾಗ, ಕೊರಿಯ, ಈಶಾನ್ಯ ಚೀನ, ಸಖಾಲಿನ್ ಮತ್ತು ಕಂಚಟ್ಕ - ಈ ಪ್ರದೇಶಗಳ ಮರಳು ತೀರಗಳೇ ಇದರ ತೌರು. ಜಪಾನೀಯರು ಇದನ್ನು ‘ಹಮನಸು’ ಎನ್ನುತ್ತಾರೆ. ಕಡಲತಡಿಯ ಪೇರುಹಣ್ಣು ಎಂಬರ್ಥದ ‘ಹಮನಶಿ’ ಎಂಬುದರ ರೂಪಾಂತರವಿದೆಂದು ಒಂದು ಅಭಿಪ್ರಾಯ. ಚೀನದಲ್ಲಿ ಇದರ ದಳಗಳನ್ನು ಚಹಕ್ಕೂ ಪರಿಮಳದ್ರವ್ಯಕ್ಕೂ ಬಳಸುವ ಪದ್ಧತಿ ಬಹಳ ಹಳೆಯದು. ಲಿನ್ನೇಯಸನ ಶಿಷ್ಯನಾದ ಕಾರ್ಲ್ ಪೀಟರ್ ಥುನ್‌ಬರ್ಗನು ಡಚ್ಚರ ವ್ಯಾಪಾರ ಸಂಸ್ಥೆಯ ವೈದ್ಯನಾಗಿ 1775-76ರಲ್ಲಿ ಜಪಾನಿನಲ್ಲಿದ್ದು, 1784ರಲ್ಲಿ ಪ್ರಕಟವಾದ ತನ್ನ ‘ಫ್ಲೋರಾ ಜಪೋನಿಕ’ ಎಂಬ ಗ್ರಂಥದಲ್ಲಿ ಇದನ್ನು ವರ್ಣಿಸಿ, ಎಲೆಯ ಸುಕ್ಕನ್ನು ಲಕ್ಷಿಸಿ ರುಗೋಸಾ ಎಂದು ಹೆಸರಿಟ್ಟನು. 1796ರಲ್ಲಿ ಗಿಡವು ಇಂಗ್ಲೆಂಡನ್ನು ಸೇರಿತೆಂದು ತೋಟಗಾರಿಕೆಯ ಗ್ರಂಥಗಳು ಹೇಳುತ್ತವೆ. ಬಂದೊಡನೆ ಅದಕ್ಕೆ ಹೆಚ್ಚಿನ ಆದರ ದೊರೆಯಲಿಲ್ಲ. ಸಂಕರ ತಳಿಗಳ ನಿರ್ಮಾಪಕರು ಇದರ ಕಡೆಗೆ ತಿರುಗಿದುದು ಆ ಮುಂದಿನ ಶತಮಾನದ ಅಂತ್ಯದಲ್ಲಿ.

4

ಈ ಗಿಡದ ಸ್ವಭಾವವನ್ನು ಅರಿಯದೆ ಇದರ ಚರಿತ್ರೆಯನ್ನು ಅರಿಯುವುದು ಸಾಧ್ಯವಿಲ್ಲ. ಎಲೆಯು ದಪ್ಪ, ಮೇಲ್ಮೈ ಹೊಳಪುಳ್ಳದ್ದು, ಅಡಿಯಲ್ಲಿ ಒತ್ತಾದ ರೋಮ, ಆದುದರಿಂದ ಉಪ್ಪಿನ ಕಾಟ ಇದಕ್ಕೆ ಅಷ್ಟಾಗಿ ತಟ್ಟದು. ಮರಳು ಬಂದು ಮುಚ್ಚಿದರೆ ಹೂತ ಕಾಂಡವು ಹೊಸ ಬೇರುಬಿಟ್ಟು ಮೇಲೇಳುತ್ತದೆ. ನೆಲದೊಳಗೆ ಹರಿಯುವ ಕಾಂಡಗಳಿಂದ ದೂರದೂರದಲ್ಲಿ ಕುಡಿಗಳು ಹೊರಡುತ್ತವೆ. ಬೇಸಗೆಯ ಆರಂಭದಿಂದ ಶರತ್ಕಾಲದವರೆಗೆ ಹೂವು. ಅನಂತರ ದೊಡ್ಡ ಕೆಂಪು ಹಣ್ಣು.

ಸಾಗುವಳಿಯ ಕ್ರಮವೂ ಇದನ್ನೇ ಅನುಸರಿಸುತ್ತದೆ. ದಿನವೆಲ್ಲ ಬಿಸಿಲು ಬೀಳುವ, ನೀರು ನಿಲ್ಲದ ಮರಳು ಮಿಶ್ರಿತ ಭೂಮಿ ಇದಕ್ಕೆ ಯೋಗ್ಯ. ಸುಣ್ಣ ಹೆಚ್ಚಾದ ಭೂಮಿಯಲ್ಲಿ ಎಲೆ ಹಳದಿಯಾಗುತ್ತದೆ. ಗೊಬ್ಬರವನ್ನು ಮಿತವಾಗಿ ಕೊಡಬೇಕು. ಕೀಟನಾಶಕಗಳನ್ನು ಸಿಂಪಡಿಸಿದರೆ ಎಲೆಗಳೇ ಸುಟ್ಟುಹೋಗುವ ಸಂಭವವುಂಟು. ಕಸಿಗಿಡಕ್ಕಿಂತ ಸ್ವಂತ ಬೇರಿನ ಗಿಡ ಮೇಲು. ಚಳಿಗಾಲದ ಕೊನೆಯಲ್ಲಿ ಮುದಿ ಕಾಂಡಗಳನ್ನು ಬುಡಕ್ಕೆ ಸವರಿದರೆ ಪೊದೆ ಒತ್ತಾಗಿ ಉಳಿಯುತ್ತದೆ.

ಕಾಡುಗಿಡವು ಸುಮಾರು ಒಂದೂವರೆ ಮೀಟರಿನವರೆಗೂ ಅದಕ್ಕಿಂತ ಹೆಚ್ಚಾಗಿಯೂ ಎತ್ತರವಾಗುವುದರಿಂದ ಸಣ್ಣ ತೋಟಕ್ಕೆ ತಕ್ಕ ತಳಿಯೊಂದು ಬೇಕಾಗಿದ್ದಿತು. 1914ರಲ್ಲಿ ಡೆನ್ಮಾರ್ಕಿನ ಹಾಸ್ಟ್ರುಪ್ ಎಂಬವನ ಸಸಿತೋಟದಿಂದ ಹೊರಬಂದ ‘ಫ್ರೂ ಡಗ್ಮಾರ್ ಹಾಸ್ಟ್ರುಪ್’ ಆ ಸ್ಥಾನವನ್ನು ಪಡೆಯಿತು. ಎತ್ತರ ಸುಮಾರು ಒಂದು ಮೀಟರು. ಐದೇ ದಳಗಳ, ತಿಳಿಯಾದ ನಸುಗೆಂಪು ಹೂವು. ‘ಫ್ರೂ’ ಎಂಬುದು ಡೇನಿಷ್ ಭಾಷೆಯಲ್ಲಿ ‘ಶ್ರೀಮತಿ’. ಗಿಡವು ದೇಶದಿಂದ ದೇಶಕ್ಕೆ ಹೋದಂತೆ ಇದು ಜರ್ಮನರ ‘ಫ್ರೌ’ ಆಯಿತು. ‘ಹಾಸ್ಟ್ರುಪ್’ ಎಂಬುದು ‘ಹಾರ್ಟಪ್’ ಆಯಿತು. ಹಸ್ತಪ್ರತಿಗಳ ಪಾಠಾಂತರಗಳನ್ನು ಬಲ್ಲ ನಮಗೆ ಇದೇನೂ ಆಶ್ಚರ್ಯವಲ್ಲ. ಹೆಸರು ಸವೆದಂತೆ ಗಿಡದ ಹುಟ್ಟಿನ ನೆನಪೂ ಸವೆಯಿತೆಂಬುದಷ್ಟೇ ಗಮನಾರ್ಹ.

5

ಮುಖ್ಯ ಸಾಕ್ಷ್ಯವಿರುವುದು ಜನಸಾಮಾನ್ಯರು ಇಟ್ಟ ಹೆಸರುಗಳಲ್ಲಿ. ಜರ್ಮನರು ಎಲೆಯ ಸುಕ್ಕನ್ನು ನೋಡಿ ಇದನ್ನು ‘ಆಲೂಗೆಡ್ಡೆ ಗುಲಾಬಿ’ ಎಂದರು. ಬಂದ ಊರನ್ನು ನೆನೆದು ‘ಕಂಚಟ್ಕ ಗುಲಾಬಿ’ ಎಂದೂ ಕರೆದರು. ಆದರೆ ಉತ್ತರ ಸಮುದ್ರದ ಸಿಲ್ಟ್ ದ್ವೀಪದ ದಿಬ್ಬಗಳನ್ನು ಇದು ತುಂಬಿದ ಮೇಲೆ ‘ಸಿಲ್ಟ್ ಗುಲಾಬಿ’ ಎಂಬ ಹೆಸರು ರೂಢಿಗೆ ಬಂದಿತು. ಅಮೆರಿಕದಲ್ಲಿ ನಾಂಟಕೆಟ್ ದ್ವೀಪದಲ್ಲಿ ಇದು ತೋಟದ ಹೊರಗೆ ನೆಲೆಗೊಂಡುದು 1899ರ ವೇಳೆಗೆ ದಾಖಲಾಗಿದೆ; ಅಲ್ಲಿಯ ಕರಾವಳಿಯಲ್ಲಿ ಇಂದು ಇದಕ್ಕೆ ‘ಕಡಲತೀರದ ಗುಲಾಬಿ’ ಎಂದೇ ಹೆಸರು. ಒಡೆದ ಹಡಗಿನಿಂದ ತೇಲಿಬಂದುದೆಂಬ ಕಥೆಯೂ ಅಲ್ಲಿ ಹುಟ್ಟಿಕೊಂಡಿದೆ. ಒಂದು ಪರಸ್ಥಳದ ವಸ್ತುವಿಗೆ ಮೊದಲು ಮೂಲದ ಹೆಸರು, ಅನಂತರ ಆಕಾರದ ಹೆಸರು, ಕೊನೆಗೆ ನೆಲೆಸಿದ ಊರಿನ ಹೆಸರು - ಈ ಹೆಸರುಗಳ ವರಸೆಯಲ್ಲಿ ಮರೆವಿನ ಮೆಟ್ಟಿಲುಗಳನ್ನು ಕಾಣಬಹುದು.

ಮರೆವಿಗೆ ಸರಕಾರಿ ಕಾರ್ಯಗಳೂ ನೆರವಾದವು. 20ನೆಯ ಶತಮಾನದಲ್ಲಿ ಡೆನ್ಮಾರ್ಕ್, ಜರ್ಮನಿ ಮೊದಲಾದ ದೇಶಗಳಲ್ಲಿ ಮರಳನ್ನು ತಡೆಯಲೂ ರಸ್ತೆಯಂಚಿನ ಬೇಲಿಗೂ ಇದನ್ನು ನೆಡಿಸಲಾಯಿತು. ಹಣ್ಣುಗಳು ನೀರಿನಲ್ಲಿ ಹಲವು ವಾರಗಳ ಕಾಲ ತೇಲಬಲ್ಲವಾದುದರಿಂದ ಒಂದು ತೀರದ ಗಿಡ ಇನ್ನೊಂದು ತೀರವನ್ನು ಸೇರಿತು. ಹಕ್ಕಿಗಳೂ ಬೀಜವನ್ನು ಹರಡಿದವು.

6

ಪರಿಣಾಮವು ಈಗ ಸ್ಪಷ್ಟವಾಗಿದೆ. ತೋಟದಲ್ಲಿ ಗುಣವೆನಿಸಿದುದೇ ದಿಬ್ಬದ ಮೇಲೆ ದೋಷವಾಯಿತು. ಈ ಪೊದೆಯ ನೆರಳಿನಲ್ಲಿ ದಿಬ್ಬಗಳ ಸಣ್ಣ ಹುಲ್ಲು, ಹಾವಸೆ, ಹೂಗಿಡಗಳು ಉಳಿಯಲಾರವು. ಅಗೆದು ತೆಗೆದರೂ ಉಳಿದ ತುಂಡಿನಿಂದ ಮತ್ತೆ ಚಿಗುರುತ್ತದೆ. 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇದನ್ನು ಬಯಲಿನಲ್ಲಿ ನೆಡುವುದು ನಿಷಿದ್ಧವಾಯಿತು. ಫಿನ್ಲೆಂಡಿನಲ್ಲಿ 2022ರ ಜೂನ್ ತಿಂಗಳಿಂದ ತೋಟದಲ್ಲಿ ಬೆಳೆಸುವುದಕ್ಕೂ ಅನುಮತಿಯಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಜಪಾನಿನಲ್ಲಿ ಇದರ ನೆಲೆಯ ದಕ್ಷಿಣದ ಗಡಿಯೆನಿಸಿದ ಸ್ಥಳಗಳು 1922ರಲ್ಲಿಯೇ ರಾಷ್ಟ್ರೀಯ ನಿಸರ್ಗ ಸ್ಮಾರಕಗಳೆಂದು ಘೋಷಿತವಾದವು. ಒಂದೇ ಗಿಡವು ಒಂದೆಡೆ ರಕ್ಷಣೆಗೂ ಇನ್ನೊಂದೆಡೆ ನಿರ್ಮೂಲನಕ್ಕೂ ಪಾತ್ರವಾಗಿರುವುದು ಗಿಡದ ತಪ್ಪಿನಿಂದಲ್ಲ, ಸ್ಥಳಭೇದದಿಂದ.

ನಮ್ಮ ಕರಾವಳಿಯ ವಿದ್ಯಾರ್ಥಿಗೂ ಈ ಪ್ರಶ್ನೆ ದೂರದ್ದಲ್ಲ. ಇಂದು ಉತ್ತರ ಕನ್ನಡದ ಕಡಲಂಚಿನ ಸಹಜ ಶೋಭೆಯೆಂದು ನಾವು ಭಾವಿಸುವ ಗಾಳಿಮರವು 1868ರ ಸುಮಾರಿಗೆ ಕಾರವಾರದ ಬಳಿ ತಂದು ನೆಡಲ್ಪಟ್ಟುದು. ಇವೆರಡರ ಪರಿಣಾಮಗಳು ಒಂದೇ ಎಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಮರೆವಿನ ಕ್ರಮ ಮಾತ್ರ ಒಂದೇ.

ಆದುದರಿಂದ ‘ಕಡಲತಡಿಯ ತೋಟ’ವೆಂಬುದು ನಿಸರ್ಗದ ಪ್ರತಿಬಿಂಬವಲ್ಲ; ರೈಲುಮಾರ್ಗ, ವಿಹಾರಧಾಮ, ಸಸಿತೋಟ ಇವು ಕೂಡಿ ಸುಮಾರು ನೂರು ವರ್ಷಗಳಲ್ಲಿ ಕಟ್ಟಿದ ಒಂದು ಕಲ್ಪನೆ. ಇಂತಹ ತೋಟವನ್ನು ಮಾಡುವವರು ದಿಬ್ಬಗಳಿಂದ ದೂರವಿದ್ದು, ಕಾನೂನು ಅನುಮತಿಸುವೆಡೆಯಲ್ಲಿ, ಹಣ್ಣಾಗುವ ಮುನ್ನ ಬಾಡಿದ ಹೂಗಳನ್ನು ಕತ್ತರಿಸಿ ಈ ಗುಲಾಬಿಯನ್ನು ಬೆಳೆಸಬಹುದು. ಇಲ್ಲವೆ ಯೂರೋಪಿನವರು ಉಳಿದಿರುವ ಸ್ಕಾಟ್ ಗುಲಾಬಿಗಳನ್ನೇ ಮತ್ತೆ ಹುಡುಕಿ ನೆಡಬಹುದು. ಚರಿತ್ರಕಾರನ ಕೆಲಸವಾದರೋ ಪ್ರತಿಯೊಂದು ತೀರದಲ್ಲಿಯೂ ಯಾವ ಗಿಡ ಎಂದು ಬಂದಿತು, ಅದಕ್ಕೆ ಮುನ್ನ ಅಲ್ಲಿ ಏನಿದ್ದಿತು ಎಂಬುದನ್ನು ಸಸಿತೋಟಗಳ ಪಟ್ಟಿಗಳಿಂದಲೂ ಸಸ್ಯಸಂಗ್ರಹಗಳಿಂದಲೂ ಸ್ಥಳೀಯರ ಮಾತಿನಿಂದಲೂ ಕಂಡುಹಿಡಿದು ದಾಖಲಿಸುವುದು.