ಮದ್ದು ಬದಲಾಯಿಸಿದವರು ಯಾರು?

ಇವತ್ತಿನ ಕಥೆ ಒಂದು ಟೀ ಚಮಚವನ್ನೂ ತುಂಬದಷ್ಟು ಪುಡಿಯದ್ದು.

ಅಮೆರಿಕದಲ್ಲಿ ಹ್ಯಾಂಡ್‌ಲೋಡಿಂಗ್ ಅನ್ನೋ ಹವ್ಯಾಸ ಇದೆ. ಹಾರಿಸಿ ಬಿದ್ದ ಹಿತ್ತಾಳೆ ಕೊಳವೆಯನ್ನೇ ಎತ್ಕೊಂಡು, ಹೊಸದಾಗಿ ಮದ್ದು, ಗುಂಡು ತುಂಬಿ ಮತ್ತೆ ಕಾಡತೂಸು ಮಾಡ್ಕೊಳ್ಳೋದು. (ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಇದನ್ನ ಮಾಡೋದು ಅಪರಾಧ. ಮನೇಲಿ ಟ್ರೈ ಮಾಡೋ ಮಾತೇ ಬೇಡ.) ಅವರು ಮೊದಲು ಕಲಿಯೋ ನಿಯಮ ಒಂದೇ: ಪರೀಕ್ಷಿಸಿ ಪ್ರಕಟಿಸಿದ ಪಟ್ಟಿಯಲ್ಲಿರೋ ಮದ್ದು ಬಿಟ್ಟು ಬೇರೆ ಹಾಕಬೇಡಿ. ಸೆಮಿ ಆಟೊಮ್ಯಾಟಿಕ್ ರೈಫಲ್‌ಗಂತೂ ಇನ್ನೂ ಕಟ್ಟುನಿಟ್ಟು. ಯಾಕಂದ್ರೆ ಅಲ್ಲಿ ಮದ್ದಿಗೆ ಎರಡು ಕೆಲಸ. ಗುಂಡನ್ನ ತಳ್ಳಬೇಕು, ನಳಿಕೆಯಿಂದ ಸ್ವಲ್ಪ ಅನಿಲ ಹಿಂದಕ್ಕೆ ಬಂದು ಖಾಲಿ ಕೊಳವೆಯನ್ನ ಹೊರಗೆಸೆದು ಮುಂದಿನದನ್ನ ಕೂರಿಸೋ ಯಂತ್ರವನ್ನೂ ಓಡಿಸಬೇಕು. ಮದ್ದು ಬದಲಾದ್ರೆ ಯಂತ್ರದ ಲಯವೂ ಬದಲಾಗುತ್ತೆ.

ಹವ್ಯಾಸಿಗಳಿಗೆ ಗೊತ್ತಿರೋ ಈ ಮಾತನ್ನ ಅಮೆರಿಕದ ಸೇನೆಯೇ ಮರೆತಿತ್ತು.

ಯೂಜಿನ್ ಸ್ಟೋನರ್ ರೂಪಿಸಿದ ರೈಫಲ್, ಮುಂದೆ ಎಂ16 ಆದದ್ದು, ಶುರುವಿನ ಪರೀಕ್ಷೆಗಳಲ್ಲಿ ಡ್ಯೂಪಾಂಟ್ ಕಂಪನಿಯ ಐಎಂಆರ್ ಮದ್ದಿನಲ್ಲಿ ಚೆನ್ನಾಗೇ ಓಡಿತ್ತು. ಸೇನೆ ಗುಂಡಿಗೆ ಸೆಕೆಂಡಿಗೆ 3,250 ಅಡಿ ವೇಗ ಬೇಕು ಅಂತು. ಒತ್ತಡದ ಮಿತಿ ದಾಟದೆ, ಲಕ್ಷಗಟ್ಟಲೆ ಕಾಡತೂಸುಗಳಲ್ಲಿ ಆ ವೇಗ ಕೊಡೋದು ಆ ಮದ್ದಿಗೆ ಕಷ್ಟವಾಯ್ತು. 1964ರಲ್ಲಿ ಓಲಿನ್ ಕಂಪನಿಯ ಬಾಲ್ ಪೌಡರ್‌ಗೆ ಒಪ್ಪಿಗೆ ಸಿಕ್ತು. ಕಾಗದದ ಮೇಲೆ ವೇಗವೂ ಸರಿ, ಒತ್ತಡವೂ ಸರಿ.

ರೈಫಲ್‌ನಲ್ಲಿ ಮಾತ್ರ ಸರಿ ಇರಲಿಲ್ಲ. ಬಿಡಿಭಾಗಗಳು ನಿಗದಿಗಿಂತ ಜೋರಾಗಿ ಹಿಂದೆ ಮುಂದೆ ಓಡತೊಡಗಿದವು. ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಒಳಗೆ ಕಿಟ್ಟವಾಗಿ ಕೂತಿತು.

ಇಲ್ಲಿ ನನ್ನೊಳಗಿನ ಬಿ.ಕಾಂ. ಎದ್ದು ಕೂರುತ್ತಾನೆ. ಹೊಸ ಮದ್ದು ಹಾಕಿದ್ರೆ ತನ್ನ ರೈಫಲ್‌ಗಳಲ್ಲಿ ಬಹಳಷ್ಟು ತಪಾಸಣೇಲಿ ಫೇಲ್ ಆಗ್ತವೆ ಅಂತ ಕೋಲ್ಟ್ ಕಂಪನಿ ಹೇಳ್ತು. ಸೇನೆ ಏನು ಮಾಡ್ತು? ತಪಾಸಣೆಗೆ ಹಳೇ ಮದ್ದನ್ನೇ ಬಳಸಿ ಅಂತು! ಕಾರ್ಖಾನೇಲಿ ಪಾಸಾಗಿದ್ದು ಒಂದು ಮದ್ದಿನಲ್ಲಿ, ವಿಯೆಟ್ನಾಂಗೆ ಹೋಗಿದ್ದು ಇನ್ನೊಂದರ ಜೊತೆ. ಆಡಿಟರ್‌ಗೆ ಒಂದು ಲೆಕ್ಕದ ಪುಸ್ತಕ, ಅಂಗಡಿಯಲ್ಲಿ ಇನ್ನೊಂದು ಇಟ್ಟ ಹಾಗೆ.

ಜೊತೆಗೆ ಈ ರೈಫಲ್‌ಗೆ ಹೆಚ್ಚು ಶುಚಿ ಬೇಡ ಅನ್ನೋ ನಂಬಿಕೆ ಹಬ್ಬಿತ್ತು. ಶುಚಿ ಮಾಡೋ ಸಾಮಾನೂ ಸಾಕಷ್ಟು ಹೋಗಿರಲಿಲ್ಲ. ಗುಂಡು ಕೂರುವ ಕೋಣೆಗೆ ಕ್ರೋಮ್ ಲೇಪನ ಇರದಿದ್ದರಿಂದ ಅಲ್ಲಿನ ತೇವಕ್ಕೆ ತುಕ್ಕು ಹಿಡೀತಿತ್ತು. ಹಾಗಾಗಿ ತಪ್ಪೆಲ್ಲ ಮದ್ದಿನ ಮೇಲೆ ಹೊರಿಸೋಕಾಗಲ್ಲ. ಆದ್ರೆ ಎಲ್ಲಾ ಸೇರಿದಾಗ ಖಾಲಿ ಕೊಳವೆ ಒಳಗೇ ಕಚ್ಕೊಂಡು ಬಿಡ್ತಿತ್ತು. ಎದುರಿಂದ ಗುಂಡು ಬರ್ತಿರುವಾಗ ನಳಿಕೆಯ ತುದಿಯಿಂದ ಕಡ್ಡಿ ತೂರಿಸಿ ಅದನ್ನ ತಳ್ಳಬೇಕು. ಬಿಚ್ಚಿದ ರೈಫಲ್ ಪಕ್ಕದಲ್ಲೇ ಸತ್ತು ಬಿದ್ದ ಗೆಳೆಯರ ಬಗ್ಗೆ ಸೈನಿಕರು ಮನೆಗೆ ಬರೆದರು. ಪತ್ರಗಳು ಸಂಸತ್ತು ತಲುಪಿದವು.

1967ರಲ್ಲಿ ರಿಚರ್ಡ್ ಐಕಾರ್ಡ್ ನೇತೃತ್ವದ ಉಪಸಮಿತಿ ತನಿಖೆ ಮಾಡ್ತು. ಮದ್ದಿನ ದೋಷ ಸರಿಪಡಿಸದ ಅಧಿಕಾರಿಗಳ ನಡೆ ಅಪರಾಧ ಎನ್ನಬಹುದಾದ ನಿರ್ಲಕ್ಷ್ಯದ ಅಂಚಿನಲ್ಲಿದೆ ಅಂತ ಅದರ ವರದಿ ಬರೆಯಿತು. ಆ ಮಾತು ನನಗೆ ಮೆತ್ತಗೇ ಅನ್ಸುತ್ತೆ.

ರೈಫಲ್ ಸರಿಪಡಿಸೋಕೆ ಕ್ರೋಮ್ ಲೇಪನ ಬಂತು, ವೇಗ ತಗ್ಗಿಸೋ ಹೊಸ ಬಫರ್ ಬಂತು. ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಕೈಯಲ್ಲಿ, ರೈಫಲ್ ಶುಚಿಯಾಗಿಡೋದು ಹೇಗೆ ಅಂತ ಚಿತ್ರಪುಸ್ತಕವನ್ನೇ ಬರೆಸಿದರು. ಬಾಲ್ ಪೌಡರ್ ಹೋಗಲಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಕಡಿಮೆ ಮಾಡಿ ಅದನ್ನೇ ಮುಂದುವರಿಸಿದರು.